ಒಕ್ಕಣ್ಣನ ಮುಚ್ಚಳದೊಳಗೆ

ಕತೆಗಳೆಲ್ಲ ಇನ್ನೂ ಅಜ್ಜಿಯರ ಮಡಿಲಲ್ಲೇ ಮಲಗುತ್ತಿದ್ದ ಕಾಲದಲ್ಲಿ, ಒಂದು ಕೋಟೆಗೆ ಒಬ್ಬ ಒಕ್ಕಣ್ಣ ಕಾವಲುಗಾರನಿದ್ದನಂತೆ. ಅವನ ಕಣ್ಣಿಗೆ ಎದುರು ಬಂದದ್ದೆಲ್ಲ ದೊಡ್ಡದಾಗಿ ಕಾಣುತ್ತಿತ್ತು. ಇರುವೆ ಬಂದರೆ ಆನೆ! ಅದಕ್ಕೇ ಯಾರು ಬಂದರೂ ಹೆದರಿ ಬಾಗಿಲು ಹಾಕಿಬಿಡುತ್ತಿದ್ದ.

"ಆಮೇಲೆ ಏನಾಯ್ತು ಅಜ್ಜಿ?"

ಆಮೇಲಿನದನ್ನು ಅಜ್ಜಿ ಹೇಳಿದ್ದೇ ಇಲ್ಲ. ಅಷ್ಟರಲ್ಲಿ ಅವರಿಗೇ ಗೊರಕೆ ಬಂದಿರುತ್ತಿತ್ತು.

ಅಜ್ಜಿಯ ವಾಚಿಗೂ ಪುಟ್ಟಿ ಒಕ್ಕಣ್ಣ ಎಂದೇ ಹೆಸರಿಟ್ಟಿದ್ದಳು. ಅದರ ಗಾಜಿನ ಮೇಲೆ, ತಾರೀಖು ಕಾಣುವ ಕಿಂಡಿಗೆ ಸರಿಯಾಗಿ, ಒಂದು ಪುಟ್ಟ ಭೂತಗನ್ನಡಿ ಉಬ್ಬಿಕೊಂಡಿತ್ತು. ಕಣ್ಣು ಮಂಜಾಗಿದ್ದಾಗ ಅಜ್ಜಿಗೆ ಅದು ಬೇಕಿತ್ತು. ಈಗ ಪೊರೆಯ ಆಪರೇಷನ್ ಆಗಿ, ಗೋಡೆಯ ಮೇಲಿನ ಹಲ್ಲಿಯ ಬೆರಳೂ ಎಣಿಸುವಷ್ಟು ಚೂಟಿಯಾಗಿದ್ದರು.

"ನನ್ನ ಕಣ್ಣೇ ನನಗೆ ಸಾಕು ಕಣೇ. ಶುಕ್ರವಾರ ಡಾಕ್ಟರ ಹತ್ರ ಹೋಗೋದ್ರೊಳಗೆ ಆ ಉಬ್ಬುಗಣ್ಣು ತೆಗೆಸಿಕೊಡು. ಮಾತು ಕೊಡು!"

ಪುಟ್ಟಿ ಮಾತು ಕೊಟ್ಟಳು. ಕೊಡುವಾಗ ಅವಳ ಕೆನ್ನೆ ಯಾಕೆ ಕೆಂಪಾಯಿತೋ!

ಗ್ರಂಥಾಲಯದ ಕೆಲಸ ಮುಗಿಸಿ ಓಡೋಡಿ ಬಂದವಳು ವಾಚ್ ರಿಪೇರಿಯವನ ಮುಂದೆ ನಿಂತಳು. ಅಂಗೈಯಗಲದ ಅಂಗಡಿ. ಒಂದು ಕಣ್ಣಿಗೆ ಕರಿಯ ಮಸೂರ ಸಿಕ್ಕಿಸಿಕೊಂಡು ಅವನು ಬಗ್ಗಿ ಕೂತಿದ್ದ. ಅವನೂ ಒಕ್ಕಣ್ಣನೇ!

ಇದು ಅವಳ ಏಳನೇ ಭೇಟಿ. ಮೊದಲ ಸಲ ವಾಚಿನ ಪಟ್ಟಿಯ ಕಡ್ಡಿ ನಿಜವಾಗಿಯೂ ಬಿದ್ದಿತ್ತು. ಉಳಿದ ಐದು ಸಲ… ಒಮ್ಮೆ ವಾಚು ನಿಧಾನ, ಒಮ್ಮೆ ಜೋರು, ಒಮ್ಮೆ 'ಏನೋ ಸದ್ದು ಮಾಡುತ್ತೆ'. ಪ್ರತಿ ಸಲವೂ ಅವನು ಬಾಯಿ ಬಿಡದೆ ಮುಚ್ಚಳ ತೆಗೆದು, ನೋಡಿ, ಏನೋ ಗೀರಿ, ಮುಚ್ಚಿ ಕೊಡುತ್ತಿದ್ದ.

ಇವತ್ತು ಮಾತ್ರ ಮತ್ತೆ ಅವಳ ಬಳಿ ನಿಜವಾದ ಕೆಲಸವಿತ್ತು!

"ಈ ಭೂತಗನ್ನಡಿ ತೆಗೀಬೇಕಿತ್ತು…"

ಅವನು ತಲೆ ಎತ್ತಲಿಲ್ಲ. "ಇದು ಮನೇಲೇ ಆಗುತ್ತೆ. ಇಲ್ಲಿಗೆ ತರಬೇಕಾಗಿರಲಿಲ್ಲ."

ಪುಟ್ಟಿ ಚಾಚಿದ್ದ ವಾಚನ್ನು ಹಿಂದಕ್ಕೆಳೆದುಕೊಂಡಳು. ಅಂದರೆ… ನಾನು ಬರುವುದೇ ಬೇಡವೇ?

ಅವನು ಒಂದು ಉಪಕರಣ ಮುಂದಕ್ಕೆ ತಳ್ಳಿದ. "ಇದರಲ್ಲಿ ಮೊದಲು ಹಿಂದಿನ ಮುಚ್ಚಳ ತಿರುಗಿಸಿ ತೆಗೀರಿ. ಅವಸರ ಬೇಡ. ಒಳಗೆ ಧೂಳಿದ್ರೆ… ಸರಿಯಾಗಿ ನೋಡಿ ಒರೆಸಿ."

"ಉಪದೇಶಕ್ಕೆ ಥ್ಯಾಂಕ್ಸ್!" ಎಂದು ಉಪಕರಣ ಕಿತ್ತುಕೊಂಡು ಹೊರಟವಳಿಗೆ ದಾರಿಯುದ್ದಕ್ಕೂ ಕಣ್ಣು ಮಂಜು ಮಂಜು.

ಮನೆಯಲ್ಲಿ ಅಜ್ಜಿ ಹುಬ್ಬು ಹಾರಿಸಿದರು. "ಏನೇ, ಮುಖ ಊದಿಸಿಕೊಂಡು ಬಂದೆ?"

"ಇನ್ನು ಆ ಕಡೆ ತಲೆ ಹಾಕಿಯೂ ಮಲಗಲ್ಲ. ನಾನೇ ತೆಗೀತೀನಿ!"

"ತೆಗಿ ತೆಗಿ. ಕೆಡದೇ ಇರೋ ವಾಚನ್ನ ಐದು ಸಲ ರಿಪೇರಿ ಮಾಡಿಸಿದ ಜಾಣೆ ನೀನು!"

ಅಯ್ಯೋ, ಅಜ್ಜಿಗೆ ಗೊತ್ತಿತ್ತೇ!

ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅವಳು ಮುಚ್ಚಳ ತಿರುಗಿಸಿದಳು. ಎರಡು ಸಲ ಜಾರಿತು. ಮೂರನೆಯದಕ್ಕೆ ಕಳಚಿತು. ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಗುರುತುಗಳು! ಕೆಲವು ಹಳೆಯವು, ಮಾಸಿದವು.

"ರಿಪೇರಿಯವರ ಪದ್ಧತಿ ಅದು," ಎಂದರು ಅಜ್ಜಿ. "ತೆಗೆದಾಗೆಲ್ಲ ತಾರೀಖು, ಏನು ಕೆಟ್ಟಿತ್ತು ಅಂತ ಗೀಚಿಡ್ತಾರೆ. ಮುಂದೆ ತೆಗೆಯೋ ರಿಪೇರಿಯವನಿಗೆ ಗೊತ್ತಾಗಲಿ ಅಂತ. ವಾಚು ಕಟ್ಟಿಕೊಳ್ಳೋರು ಅದನ್ನ ನೋಡೋದೇ ಇಲ್ಲ."

ಕುತೂಹಲ ತಡೆಯಲಾರದೆ ಪುಟ್ಟಿ ಅಜ್ಜಿಯ ಹಳೆಯ ಓದುವ ಭೂತಗನ್ನಡಿ ಹಿಡಿದಳು. ಹೊಸ ಗೀರುಗಳು ಒಂದೊಂದಾಗಿ ಕಣ್ಣಿಗೆ ಬಂದವು. ತಾರೀಖುಗಳೆಲ್ಲ ಅವಳು ಹೋದ ದಿನಗಳೇ!

'ಪಟ್ಟಿ.'

'ನಿಧಾನವಿಲ್ಲ.'

'ಜೋರೂ ಇಲ್ಲ.'

'ಸದ್ದಿಲ್ಲ. ನಕ್ಕಳು.'

'ಕೆಟ್ಟಿಲ್ಲ. ಮತ್ತೆ ಬಂದಳು.'

ಕೊನೆಯದು ಅಂಚಿನಲ್ಲಿ, ಜಾಗವಿಲ್ಲದೆ ಇರುಕಿಕೊಂಡಿತ್ತು: 'ಹೇಳಬೇಕು. ಧೈರ್ಯವಿಲ್ಲ.'

ಪುಟ್ಟಿ ಭೂತಗನ್ನಡಿ ಹತ್ತಿರ ತಂದು ಅದನ್ನೇ ಮತ್ತೊಮ್ಮೆ ಓದಿದಳು. ಮುಚ್ಚಳ ತೆಗೆಯಲು ಹೇಳಿದ್ದು… ಇದಕ್ಕಾ?

ಅಂಗಡಿಯ ನಂಬರಿಗೆ ಫೋನ್ ಮಾಡಿದಳು.

"ಮುಚ್ಚಳ ತೆಗೆದೆ."

ಆ ಕಡೆ ಗಡಿಯಾರಗಳ ಟಿಕ್ ಟಿಕ್. ಅದರ ನಡುವೆ ಅವನ ದನಿ, "ಧೂಳಿತ್ತಾ?"

"ಒರೆಸಿದೆ. ಗೀಚಿದ್ದು ಮಾತ್ರ ಹೋಗ್ತಿಲ್ಲ."

"…ಹೋಗಬೇಕಾ?"

"ಬೇಡ," ಎಂದಳು ಪುಟ್ಟಿ, ಉಸಿರಿನಲ್ಲೇ. "ಮುಂದಿನ ಕೆಲಸ ನನಗೆ ಬರಲ್ಲ. ಅಜ್ಜಿಗೆ ಮಾತು ಕೊಟ್ಟಿದ್ದೀನಿ. ಮನೇಲೇ ಆಗುತ್ತೆ ಅಂದ್ರಲ್ಲ… ಬಂದು ಮಾಡಿ ತೋರಿಸಿ!"

ಅರ್ಧ ಗಂಟೆಯಲ್ಲಿ ಅವನು ಬಾಗಿಲಲ್ಲಿದ್ದ. ಅಜ್ಜಿ ಮೇಲಿಂದ ಕೆಳಗೆ ನೋಡಿದರು. "ಬಾಪ್ಪ. ಸೂಜಿ ಹಿಡಿದ್ರೆ ಅಷ್ಟು ಮಾತಾಡ್ತೀಯಂತೆ, ಬಾಯಿಗೇನಾಗಿದೆ?"

ಅವನು ನೆಲ ನೋಡಿ ನಕ್ಕ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ವಾಚಿನ ಯಂತ್ರವನ್ನು ಮೆಲ್ಲಗೆ ಹೊರತೆಗೆದು, ಧೂಳು ಬೀಳದಂತೆ ಲೋಟ ಬೋರಲು ಹಾಕಿ ಮುಚ್ಚಿದ. ಬಟ್ಟೆಯೊಳಗೆ ಹೆಬ್ಬೆರಳಿಟ್ಟು ಗಾಜನ್ನು ಒತ್ತಿ ಬಿಡಿಸಿದ. ಚಿಮಟದಲ್ಲಿ ಹಿಡಿದು ಪುಟ್ಟ ದೀಪದ ಉರಿಯ ಮೇಲೆ ಆಡಿಸತೊಡಗಿದ.

"ಅಂಟು ಮೆತ್ತಗಾಗಬೇಕು. ಬ್ಲೇಡ್ ನೀವು ಹಿಡೀರಿ. ನಾನು ಹೇಳಿದಾಗ ಪಕ್ಕದಿಂದ ತಳ್ಳಿ."

"ನಾನಾ? ಗಾಜು ಒಡೆದ್ರೆ?"

"ಮಾತು ಕೊಟ್ಟೋರು ನೀವಲ್ವಾ?"

ಇಬ್ಬರ ತಲೆಗಳೂ ಉರಿಯ ಮೇಲೆ ಬಗ್ಗಿದವು.

"ಆಗ ಅಂಗಡೀಲಿ ಯಾಕೆ ಹಾಗೆ ಮಾತಾಡಿದ್ರಿ?" ಅವಳ ದನಿ ಸಣ್ಣಗಾಗಿತ್ತು. "ನಾನು ಬರೋದು ಬೇಡ ಅಂದುಕೊಂಡೆ…"

"ಉಬ್ಬುಗಣ್ಣು ಹೋದ್ರೆ ವಾಚಿಗೆ ಇನ್ನೇನೂ ಕೆಲಸ ಇರಲ್ಲ. ನೀವು ಬರೋದು ನಿಂತುಹೋಗುತ್ತೆ ಅಂತ ಹೆದರಿದ್ದೆ. ಅದಕ್ಕೇ ಮುಚ್ಚಳ ನಿಮ್ಮ ಕೈಲೇ ತೆಗೆಸಿದೆ."

ಇರುವೆಯನ್ನು ಆನೆ ಮಾಡಿಕೊಂಡು ಇಬ್ಬರೂ ಬಾಗಿಲು ಹಾಕಿಕೊಂಡಿದ್ದರು!

ಅಂಟು ಹಳದಿಯಾಗಿ ಸಣ್ಣ ಗುಳ್ಳೆ ಎದ್ದಿತು.

"ಇವತ್ತಿನ ತಾರೀಖಿಗೆ ಮುಚ್ಚಳದಲ್ಲಿ ಏನಂತ ಗೀಚಲಿ?" ಎಂದು ಕೇಳಿದ ಅವನು.

"'ಕೆಟ್ಟಿತ್ತು, ಸರಿಹೋಯ್ತು' ಅಂತ."

"ಏನು ಕೆಟ್ಟಿತ್ತು?"

"ಆರು ತಿಂಗಳಿಂದ… ನನ್ನ ನಿದ್ದೆ."

ಅವನು ಕಣ್ಣಿಗೆ ಸಿಕ್ಕಿಸಿದ್ದ ಮಸೂರ ತೆಗೆದು ಮೇಜಿನ ಮೇಲಿಟ್ಟ. ಮೊದಲ ಸಲ ಎರಡೂ ಕಣ್ಣಿಂದ ಅವಳನ್ನು ನೋಡಿದ.

"ನನ್ನದೂ," ಎಂದ. "ಈಗ ತಳ್ಳು, ಪುಟ್ಟಿ."

'ತಳ್ಳಿ' ಅಲ್ಲ, 'ತಳ್ಳು'!

"ಅಜ್ಜಿ," ಅವಳು ಕೂಗಿದಳು, "ಆ ಕಾವಲುಗಾರ ಕೊನೆಗೆ ಏನಾದ?"

"ನನಗೇನು ಗೊತ್ತೇ? ನಾನು ನಿದ್ದೆ ಹೋಗಿರ್ತಿದ್ದೆ. ಬಾಗಿಲು ತೆಗೆದಿರ್ತಾನೆ ಬಿಡು. ಮೊದಲು ನನ್ನ ಕೆಲಸ ಮುಗಿಸು!"

ಪುಟ್ಟಿ ಬ್ಲೇಡನ್ನು ಮೆಲ್ಲಗೆ ಒತ್ತಿದಳು.

ಟಕ್!

ಪುಟ್ಟ ಭೂತಗನ್ನಡಿ ಬಿಳಿ ಬಟ್ಟೆಯ ಮೇಲೆ ಉರುಳಿತು.