ಬೆನ್ನ ಮೇಲಿನ ನೇರಳೆ ಗೆರೆ

ಬೆಳಿಗ್ಗೆ ಏಳಕ್ಕೆ, ಆಪರೇಷನ್ ಕೋಣೆಗೆ ಒಯ್ಯುವ ಮೊದಲು, ಹೆಡ್ ನರ್ಸ್ ಯಿಂಗ್-ಹುವಾ ಆರನೇ ಹಾಸಿಗೆಯ ಬಾವ್-ಚೂಳ ಅಂಗಿ ಸರಿಸಿ ನೋಡಿದಳು. ಹಿಂದಿನ ಸಂಜೆ ಕಿರಿಯ ಡಾಕ್ಟರ್ ಫಾಂಗ್ ಕೂತು ಬರೆದಿದ್ದ ನೇರಳೆ ಗೆರೆಗಳು ಬೆನ್ನಿನಿಂದ ಮಂಗಮಾಯವಾಗಿದ್ದವು.

ಬಾವ್-ಚೂ ತೈನಾನ್ ನಗರದ ಬಸ್ ನಿಲ್ದಾಣದೆದುರು ಲಾಟರಿ ಟಿಕೆಟ್ ಮಾರುವವಳು. ಕ್ಯಾನ್ಸರಿನಿಂದ ಬಲ ಸ್ತನ ಕಳೆದುಕೊಂಡು ವರ್ಷವಾಗಿತ್ತು. ಬೆನ್ನಿನ ಅಗಲ ಸ್ನಾಯುವನ್ನು ರಕ್ತನಾಳದ ಸಮೇತ ಬಿಡಿಸಿ, ಕಂಕುಳ ಕೆಳಗಿನಿಂದ ಮುಂದಕ್ಕೆ ತಂದು ಹೊಸ ಸ್ತನ ಕಟ್ಟುವುದು ಹಿರಿಯ ಸರ್ಜನ್ ತುಂಗ್ ಅವರ ಯೋಜನೆ. ಎಲ್ಲಿ ಕೊಯ್ಯಬೇಕೆಂದು ತೋರಿಸುವ ನಕ್ಷೆಯೇ ಆ ಗೆರೆಗಳು.

ತುಂಗ್ ಬಂದವರೇ ಕೂಗಾಡಿದರು. "ರಾತ್ರಿ ಮೈ ಒರೆಸಿದ್ದು ಯಾರು?"

"ನಾನೇ ಡಾಕ್ಟ್ರೇ," ಅಂದಳು ಸಂಬಳಕ್ಕೆ ರೋಗಿಗಳನ್ನು ನೋಡಿಕೊಳ್ಳುವ ಲಿಯಾವ್ ಚಿಕ್ಕಮ್ಮ. "ಆದ್ರೆ ಗೆರೆ ಇರೋ ಕಡೆ ಕೈ ಹಾಕಿಲ್ಲ."

"ಸುಳ್ಳು ಬೇರೆ! ಇವಳನ್ನ ಇವತ್ತೇ ಆಚೆ ಕಳಿಸಿ. ಊರಿನ ಯಾವ ಆಸ್ಪತ್ರೆ ಮೆಟ್ಟಿಲೂ ಹತ್ತದ ಹಾಗೆ ಮಾಡ್ತೀನಿ. ಫಾಂಗ್, ಹೊಸದಾಗಿ ಬರಿ. ಎರಡು ಗಂಟೆಗೆ ಆಪರೇಷನ್."

ಫಾಂಗ್ ತಲೆ ತಗ್ಗಿಸಿ "ಹ್ಞೂಂ ಸಾರ್" ಅಂದ. ಯಿಂಗ್-ಹುವಾಳಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಪರರ ಮಲಮೂತ್ರ ಬಾಚಿದ ಹೆಂಗಸಿಗೆ ಈ ಮರ್ಯಾದೆ! ಏನೇ ತಪ್ಪಾದರೂ ಇಲ್ಲಿ ಮೊದಲು ಸಿಗುವುದು ಕೈಲಾಗದವರ ಕುತ್ತಿಗೆಯೇ.

ಅವಳು ನೇರ ನೆಲಮಹಡಿಗೆ ಇಳಿದಳು. ಅಂಗರಚನೆ ಕಲಿಸಿ ನಿವೃತ್ತರಾದ ವೆಂಗ್ ಮೇಷ್ಟ್ರು ಅಲ್ಲೊಂದು ಕೋಣೆ ಹಿಡಿದುಕೊಂಡಿದ್ದರು. ಆಸ್ಪತ್ರೆಯಲ್ಲಿ ಯಾವ ಗಂಟು ಬಿಡಿಸಲಾಗದಿದ್ದರೂ ಎಲ್ಲರೂ ಹೋಗುತ್ತಿದ್ದುದು ಅವರ ಬಳಿಗೇ. ಮೀನಿನ ಗಂಜಿ ಅರ್ಧಕ್ಕೇ ಬಿಟ್ಟು ಅವರು ಎದ್ದರು.

ಮೇಷ್ಟ್ರು ಮೊದಲು ಬಾವ್-ಚೂಳ ಅಪ್ಪಣೆ ಕೇಳಿದರು. ಆಮೇಲೆ ನೋಡಿದರು. ಎದೆಯ ಮೇಲೆ ಫಾಂಗ್ ಬರೆದಿದ್ದ ಗೆರೆಗಳು ಹಾಗೇ ಇದ್ದವು. ಬೆನ್ನಿನ ಚರ್ಮ ಎಲ್ಲೂ ಕೆಂಪಾಗಿರಲಿಲ್ಲ. ನಿನ್ನೆ ತೆಗೆದ ಫೋಟೋಗಳನ್ನು ಫಾಂಗ್‌ನಿಂದ ತರಿಸಿಕೊಂಡರು. ಅವುಗಳಲ್ಲೊಂದರಲ್ಲಿ ಮಾತ್ರ ಅವಳು ತೋಳು ಎತ್ತಿದ್ದಳು. ಕಂಕುಳ ಮಡಿಕೆಯಲ್ಲಿ ಎರಡು ಚುಕ್ಕೆ, ರಕ್ತನಾಳ ಸ್ನಾಯುವನ್ನು ಹೊಗುವ ಜಾಗ. ಈಗ ಅವೂ ಇರಲಿಲ್ಲ.

"ಯಾರಾದ್ರೂ ಮುಟ್ಟಿದ್ದು ಗೊತ್ತಾಯ್ತಾಮ್ಮ?"

"ಬೆಳಗಿನ ಐದರ ಹೊತ್ತಿಗೆ ಯಾರೋ ತೋಳೆತ್ತಿ ತಣ್ಣಗೆ ಒರೆಸಿದ್ರು. ನಾನು ಗೋಡೆ ಕಡೆ ತಿರುಗಿದ್ದೆ. ಇಲ್ಲಿ ದಿನವಿಡೀ ಒಬ್ಬರಲ್ಲ ಒಬ್ಬರು ಮುಟ್ತಾನೇ ಇರ್ತಾರೆ, ಯಾರು ಅಂತ ಎಷ್ಟು ಸಲ ಕೇಳಲಿ?"

ಮೇಷ್ಟ್ರು ಅವಳ ಅಂಗೈ ತಿರುಗಿಸಿದರು. ಹೆಬ್ಬೆರಳ ಬುಡದಲ್ಲಿ ದಪ್ಪಗೆ ಜಡ್ಡುಗಟ್ಟಿತ್ತು. ರೋಗಿಯ ಕಡತದ ಮೂರನೇ ಪುಟ ಓದಿ ಅವರ ಮುಖ ಕಪ್ಪಿಟ್ಟಿತು. "ತುಂಗ್‌ನ ಕರೀರಿ. ಎಲ್ಲರೂ ಬರಲಿ, ಇವರ ಎದುರಿಗೇ."

ಹಾಸಿಗೆಯ ಸುತ್ತ ಎಲ್ಲರೂ ಸೇರಿದರು. "ಚಿಕ್ಕಮ್ಮ ಸೋಪುನೀರಲ್ಲಿ ಒರೆಸಿದ್ದರೆ ಈ ಮಸಿ ಹೋಗ್ತಿರಲಿಲ್ಲ," ಮೇಷ್ಟ್ರು ಶುರುಮಾಡಿದರು. "ಉಜ್ಜಿ ತೆಗೆದಿದ್ದರೆ ಚರ್ಮ ಕೆಂಪಾಗ್ತಿತ್ತು. ಇದು ಸ್ಪಿರಿಟ್. ಅದಕ್ಕೇ ತಣ್ಣಗಾಗಿದ್ದು. ಎದೆಯ ಗೆರೆ ಬಿಟ್ಟು ಬೆನ್ನಿನದಷ್ಟೇ ಅಳಿಸಿದ್ದಾರೆ, ಯಾವ ಗೆರೆ ಯಾವುದಕ್ಕೆ ಅಂತ ಗೊತ್ತಿರೋರು. ಕಂಕುಳಲ್ಲಿ ಬಚ್ಚಿಟ್ಟಂತಿದ್ದ ಚುಕ್ಕೆಯನ್ನೂ ಹುಡುಕಿ ಅಳಿಸಿದ್ದಾರೆ. ತುಂಗ್, ಅಲ್ಲಿ ಚುಕ್ಕೆ ಇದ್ದದ್ದು ನಿನಗೆ ಗೊತ್ತಿತ್ತಾ?"

"ಇಲ್ಲ ಸಾರ್. ಅದು ಫಾಂಗ್ ಕೆಲಸ."

ಎಲ್ಲರ ಕಣ್ಣೂ ಫಾಂಗ್ ಮೇಲೆ ಬಿತ್ತು.

"ಕಳ್ಳ ಸಿಕ್ಕ," ಅಂದರು ಮೇಷ್ಟ್ರು. "ಆದ್ರೆ ಕಳ್ಳತನ ಯಾವುದು? ತುಂಗ್, ಈ ಸ್ನಾಯು ನೋಡಿ ಏನಂದೆ ಮೊನ್ನೆ?"

"ಐವತ್ತು ದಾಟಿದ ಹೆಂಗಸಲ್ಲಿ ಇಷ್ಟು ದಪ್ಪ ನೋಡೇ ಇಲ್ಲ ಅಂದೆ. ಈಜುಗಾರ್ತಿ ಇರ್ಬೇಕು ಅಂತ."

"ಲಾಟರಿ ಮಾರೋಳು ಈಜುಗಾರ್ತಿ! ಮೂರನೇ ಪುಟದಲ್ಲಿ ಒಂದೇ ಸಾಲಿದೆ: ಎರಡನೇ ವಯಸ್ಸಲ್ಲಿ ಪೋಲಿಯೋ. ಅಂಗೈಯ ಜಡ್ಡು ಊರುಗೋಲು ಹಿಡಿದು ಬಂದದ್ದು. ಆ ಸ್ನಾಯು ಸೊಂಟ, ಬೆನ್ನೆಲುಬಿಂದ ಹೊರಟು ತೋಳಿನ ಮೂಳೆಗೆ ಅಂಟುತ್ತೆ. ಉಳಿದವರಿಗೆ ಅದಿಲ್ಲದಿದ್ರೂ ಬೇರೆ ಸ್ನಾಯುಗಳು ಸುಧಾರಿಸ್ಕೊಳ್ತವೆ. ಊರುಗೋಲು ಊರಿ ಇಡೀ ಮೈ ಮೇಲೆತ್ತೋರಿಗೆ ಅದೇ ಕಾಲು! ನೀನು ಕುಯ್ಯೋಕೆ ಹೊರಟಿದ್ದು ಇವರ ಕಾಲನ್ನ. ಇದನ್ನ ನಾನೇ ನಿನಗೆ ಕಲಿಸಿದ್ದೆನಲ್ಲೋ!"

"ಊರುಗೋಲು ನಾನು ನೋಡ್ಲಿಲ್ಲ ಸಾರ್. ಯಾವಾಗ್ಲೂ ಗಾಲಿಕುರ್ಚಿಯಲ್ಲೇ ಬರ್ತಿದ್ರು."

ಬಿದ್ದರೆ ಯಾರು ಹೊಣೆ ಎಂಬ ನಿಯಮ ಹಿಡಿದು, ಊರುಗೋಲು ಕಿತ್ತುಕೊಂಡು ಉಗ್ರಾಣದಲ್ಲಿಟ್ಟು ಬೀಗ ಹಾಕಿದವಳು ಯಿಂಗ್-ಹುವಾಳೇ. ಇಷ್ಟು ಹೊತ್ತು ಬೇರೆಯವರ ಮೇಲೆ ಉರಿದ ಸಿಟ್ಟು ಈಗ ತನ್ನ ಮೇಲೂ ತಿರುಗಿತು.

ಫಾಂಗ್ ಬಾಯಿಬಿಟ್ಟ. "ಬೆಳಿಗ್ಗೆ ಗೆರೆ ನೋಡೋಕೆ ಬಂದೆ. ಇವರು ಮಂಚದ ಕಂಬಿ ಹಿಡಿದು, ಕೈ ಮೇಲೇ ಮೈ ಎತ್ತಿ ಬಚ್ಚಲಿಗೆ ಹೋಗ್ತಿದ್ರು. ನಾನು ಗೆರೆ ಎಳೆದ ಜಾಗವೇ ಉಬ್ಬಿ ನಿಂತಿತ್ತು. ಹಿರಿಯರಿಗೆ ಎದುರಾಡೋದು ಹೇಗೆ... ವಾಪಸ್ ಬಂದು ಮಲಗಿದ ಮೇಲೆ, ಆಪರೇಷನ್ ನಿಲ್ಲಲಿ ಅಂತ ಅಳಿಸಿಬಿಟ್ಟೆ."

"ನನ್ನ ಕುತ್ತಿಗೆ ಹಿಡಿದಾಗ್ಲೂ ಸುಮ್ನಿದ್ಯಲ್ಲಪ್ಪಾ!" ಲಿಯಾವ್ ಚಿಕ್ಕಮ್ಮ ಸಿಡಿದಳು.

ತುಂಗ್ ಮೇಷ್ಟ್ರ ಕಡೆ ತಿರುಗಿ ಬಾಗಿದರು. "ತಪ್ಪಾಯ್ತು ಸಾರ್. ಆಪರೇಷನ್ ರದ್ದು."

"ಮೇಷ್ಟ್ರಿಗಲ್ಲ ಡಾಕ್ಟ್ರೇ," ಯಿಂಗ್-ಹುವಾ ಕಿರುಚಿಯೇಬಿಟ್ಟಳು. "ಆ ಕಡೆ ತಿರುಗಿ ಹೇಳಿ!"

ತುಂಗ್ ಕೆಂಪೇರಿ ಚಿಕ್ಕಮ್ಮನಿಗೆ ಬಾಗಿದರು, ಆಮೇಲೆ ಹಾಸಿಗೆಯಲ್ಲಿದ್ದ ಬಾವ್-ಚೂಗೆ. ಅವಳು ಸರ್ಜನ್‌ರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಈ ಸ್ನಾಯು ಯಾತಕ್ಕೆ ಬೇಕು ಅಂತ ಅವತ್ತು ಕೇಳಿದ್ದೆ. ಅದಿಲ್ಲದಿದ್ರೆ ಏನೂ ಆಗಲ್ಲ ಅಂದ್ರಿ. ನೀನು ಹೇಗೆ ನಡೀತೀಯ ಅಂತ ಒಂದು ಮಾತು ಕೇಳಲಿಲ್ಲ. ಈಗ ನನ್ನ ಊರುಗೋಲು ತಂದುಕೊಡಿ ಡಾಕ್ಟ್ರೇ, ನೀವೇ ಹೋಗಿ ತನ್ನಿ. ಬಾಗಿಲವರೆಗೂ ನನ್ನ ಜೊತೆ ಬನ್ನಿ. ನಾನು ಹೇಗೆ ನಡೀತೀನಿ ಅಂತ ಒಂದ್ಸಲ ನೋಡಿ."