ಅಪ್ಪನ ಹೊಟ್ಟೆಯಲ್ಲಿ ಸಾಬುದಾಣಿ

“ಮುಂಜಾನಿಂದ ಏನೂ ತಿಂದಿಲ್ಲ ಹೌದಲ್ರಿ?” ನರ್ಸ್ ಕೇಳಿದರು.

“ಏನೂ ಇಲ್ರಿ. ಕಟ್ಟಾ ಉಪಾಸ!” ಎಂದ ಅಪ್ಪ ನಂದೀಶ, ಗದಗಿನ ಆಸ್ಪತ್ರೆಯ ಬೆಂಚಿನ ಮೇಲೆ ನೆಟ್ಟಗೆ ಕುಳಿತು.

ಪಕ್ಕದಲ್ಲಿದ್ದ ಮಗಳು ಶಾಂಭವಿ ತಟ್ಟನೆ ಅಪ್ಪನ ಮುಖ ನೋಡಿದಳು. ಬೆಳಿಗ್ಗೆ ಅವ್ವ ಸ್ನಾನಕ್ಕೆ ಹೋದಾಗ ಅಜ್ಜಿ ಸಿದ್ದಲಿಂಗವ್ವ ಒಂದು ತಾಟು ತುಂಬ ಸಾಬುದಾಣಿ ಖಿಚಡಿ ಕೊಟ್ಟಿದ್ದಳು.

“ಪಾಪ, ನಿನ್ನಿಯಿಂದ ಬರೇ ನೀರು ಕುಡದಾನ. ರೊಟ್ಟಿ, ಅನ್ನ ತಿನ್ನಬಾರದು ಅಷ್ಟ. ಉಪಾಸಕ್ಕ ಖಿಚಡಿ ನಡೀತೈತಿ. ನಿಮ್ಮಪ್ಪಗ ಕೊಟ್ಟು ಬಾ.”

ಶಾಂಭವಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಅವರ ಮನೆಯಲ್ಲಿ ಉಪವಾಸವೆಂದರೇ ಹಾಗೆ. ಶಿವರಾತ್ರಿಯ ದಿನ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು ತಿಂದು ತಿಂದು ಮೇಲೇಳುವುದೇ ಕಷ್ಟವಾಗುತ್ತಿತ್ತು. ಅಪ್ಪ ತಾಟನ್ನು ಬಳಿದು ತಿಂದು, “ನಿಮ್ಮವ್ವಗ ಹೇಳಬ್ಯಾಡ” ಎಂದು ಕಣ್ಣು ಹೊಡೆದಿದ್ದ.

“ಛಲೋ ಆತು,” ಎಂದರು ನರ್ಸ್. “ಕೊಲೊನೋಸ್ಕೋಪಿ ಅಂದ್ರ ಕರುಳಿನೊಳಗ ಕ್ಯಾಮೆರಾ ಬಿಟ್ಟು ನೋಡೂದು. ಒಂದು ಕಾಳು ಉಳಿದಿದ್ರೂ ಅದರ ಹಿಂದಿನ ಸಣ್ಣ ಗಂಟು ಕಾಣಂಗಿಲ್ಲ ನೋಡ್ರಿ.”

ಅಪ್ಪ ಸೂರು ನೋಡಿದ.

ಹೇಳಿದರೆ ಇವತ್ತು ಪರೀಕ್ಷೆ ಇಲ್ಲ. ಮತ್ತೆ ಅಪ್ಪನನ್ನು ಕರೆತರುವುದು ಯಾರಿಂದ ಸಾಧ್ಯ? ಹೋದ ವರ್ಷ ದೊಡ್ಡಪ್ಪ ಅಂದಾನಪ್ಪ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡಾಗಲೇ ಡಾಕ್ಟರು ಹೇಳಿದ್ದರು, “ತಮ್ಮನೂ ತೋರಿಸಿಕೊಳ್ಳಬೇಕು, ಏನೂ ತ್ರಾಸು ಇಲ್ಲದಿದ್ದರೂ” ಎಂದು. ಮಾರ್ಕೆಟ್ ಯಾರ್ಡ್‌ನಲ್ಲಿ ಹೆಸರುಕಾಳಿನ ವ್ಯಾಪಾರ ಮಾಡುವ ಅಪ್ಪ, ಸುಗ್ಗಿ ಮುಗಿಯಲಿ, ದೀಪಾವಳಿ ಆಗಲಿ ಎಂದು ಮುಂದೂಡುತ್ತಲೇ ಬಂದಿದ್ದ. ಆದರೆ ಹೇಳದಿದ್ದರೆ?

“ಸಿಸ್ಟರ್,” ಶಾಂಭವಿ ಎದ್ದು ನಿಂತಳು. “ಅಪ್ಪ ಖಿಚಡಿ ತಿಂದಾನ್ರಿ. ನಾನ ಕೊಟ್ಟೆ.”

“ರೀ!” ಎಂದು ಅಪ್ಪನತ್ತ ತಿರುಗಿದಳು, ಇನ್ನೊಂದು ಪಕ್ಕದಲ್ಲಿ ಕುಳಿತಿದ್ದ ಅವ್ವ ವಾಣಿಶ್ರೀ.

ನರ್ಸ್‌ಗೆ ನಗು ತಡೆಯಲಾಗಲಿಲ್ಲ. “ಸಾಬುದಾಣಿ ದೇವರ ಉಪಾಸಕ್ಕ ನಡೀತೈತಿ, ಡಾಕ್ಟರ ಉಪಾಸಕ್ಕ ನಡೆಯಂಗಿಲ್ಲರೀ!”

ಅಪ್ಪನ ಮುಖ ಮಾತ್ರ ಅರಳಿತು. “ಆತು ಬಿಡ್ರಿ. ಇನ್ನೊಮ್ಮೆ ಬರ್ತೀನಿ.”

“ಇನ್ನೊಮ್ಮೆ ಅಂದ್ರ ಯಾವಾಗ?” ಶಾಂಭವಿ ಅಪ್ಪನ ಅಂಗಿ ಹಿಡಿದಳು. “ದೊಡ್ಡಪ್ಪನೂ ಇನ್ನೊಮ್ಮೆ, ಇನ್ನೊಮ್ಮೆ ಅಂತಿದ್ದ.”

ಅಪ್ಪ ಎದ್ದವನು ಮತ್ತೆ ಕುಳಿತ. ಮಗಳ ಕೈ ಹಿಡಿದುಕೊಂಡ. ಅವನ ಅಂಗೈ ತಣ್ಣಗಿತ್ತು. ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂದು ಶಾಂಭವಿಗೆ ಗೊತ್ತೇ ಇರಲಿಲ್ಲ.

“ಸಿಸ್ಟರ್, ನಾಡಿದ್ದು ಆಗ್ತೈತೇನ್ರಿ?” ಎಂದು ಅವನೇ ಕೇಳಿದ.

ಈ ಸಲ ಪರೀಕ್ಷೆಯ ಹಿಂದಿನ ದಿನವೇ ಅಜ್ಜಿ ಅಡುಗೆಮನೆಯ ಬಾಗಿಲಲ್ಲೇ ಲಟ್ಟಣಿಗೆ ಹಿಡಿದು ಕುಳಿತಳು. “ಒಳಗ ಕಾಲಿಟ್ಟರ ನೋಡು! ಆ ಹೊಟ್ಟಿ ತೊಳಿಯೂ ಔಷಧ ಕುಡಿ ಜಲ್ದಿ.” ಅಪ್ಪ ಮುಖ ಕಿವುಚಿಕೊಂಡು ಕುಡಿಯುವುದು, ಪಾಯಖಾನೆಗೆ ಓಡುವುದು, ಬಂದು ಮತ್ತೆ ಕುಡಿಯುವುದು. ಶಾಂಭವಿ ನಕ್ಕಳು. ಅಪ್ಪನೂ ಓಡುತ್ತಲೇ ನಕ್ಕ.

ಪರೀಕ್ಷೆ ಮುಗಿಯಿತು. ಒಂದು ಸಣ್ಣ ಗಂಟು ಸಿಕ್ಕಿತ್ತು. ಅದನ್ನು ಅಲ್ಲೇ ತೆಗೆದು ಲ್ಯಾಬಿಗೆ ಕಳಿಸಿದರು. ವಾರದ ನಂತರ ರಿಪೋರ್ಟ್ ಬಂತು. “ಕ್ಯಾನ್ಸರ್ ಅಲ್ಲರೀ,” ಎಂದರು ಡಾಕ್ಟರು. “ಬಿಟ್ಟಿದ್ರ ಮುಂದ ಆಗಬಹುದಿತ್ತು. ಈಗ ಆರಾಮ ಮನಿಗೆ ಹೋಗ್ರಿ. ನಾ ಹೇಳಿದಾಗ ಮತ್ತ ಬಂದು ತೋರಿಸ್ರಿ.” ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕುಳಿತು ಅತ್ತುಬಿಟ್ಟಳು, ಆಮೇಲೆ ಪೇಢೆ ಕೊಂಡಳು.

ಮನೆಯಲ್ಲಿ ಅಜ್ಜಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಖಬರು ಕೇಳಿ ದೇವರಿಗೆ ಕೈ ಮುಗಿದಳು. ಸ್ವಲ್ಪ ಹೊತ್ತಾದ ಮೇಲೆ ಶಾಂಭವಿಯನ್ನು ಹತ್ತಿರ ಕರೆದು, “ಎಷ್ಟ ದೊಡ್ಡದಿತ್ತು ಆ ಗಂಟು?” ಎಂದಳು.

ಶಾಂಭವಿ ಮೊರದಿಂದ ಒಂದು ಕಾಳು ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟಳು. “ಇಷ್ಟ ಇತ್ತಂತ.”

ಅಜ್ಜಿ ಆ ಕಾಳನ್ನು ನೋಡುತ್ತಲೇ ಕುಳಿತಳು. “ಅಂದಾನಪ್ಪಂದೂ ಮೊದಲಿಗೆ ಇಷ್ಟ ಇದ್ದಿರಬೇಕಲ್ಲ,” ಎಂದಳು ಮೆಲ್ಲಗೆ.

ಶಾಂಭವಿ ಅಜ್ಜಿಗೆ ಒತ್ತಿಕೊಂಡು ಕುಳಿತು ತಾನೂ ಕಾಳು ಆರಿಸತೊಡಗಿದಳು.

ಒಳಗಿನಿಂದ ಅಪ್ಪ ಕೂಗಿದ, “ಅವ್ವಾ, ಹಸಿವಾಗೈತಿ. ಖಿಚಡಿ ಮಾಡ್ತೀಯೇನ?”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. “ಬಂದೆ ತಡಿಯೋ!”