ತೋಡಿಯ ನಡುವಿನ ಕತ್ತಲೆ

ಏಪ್ರಿಲ್ ತಿಂಗಳ ಎರಡನೆಯ ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಠಾಣೆಯ ಹಳೆಯ ಫ್ಯಾನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಕಾಂಪೌಂಡಿನ ಹೊಂಗೆ ಮರದ ಹೂವು ಉದುರಿ, ಜಪ್ತಿಯಾಗಿ ನಿಂತ ಸ್ಕೂಟರುಗಳ ಸೀಟಿನ ಮೇಲೆ ಅರಳು ಚೆಲ್ಲಿದ ಹಾಗೆ ಬಿದ್ದಿತ್ತು. ಹೆಡ್ ಕಾನ್‌ಸ್ಟೆಬಲ್ ಬೋರಣ್ಣನಿಗೆ ಇನ್ನೇನು ಜೊಂಪು ಹತ್ತಬೇಕು, ಅಷ್ಟರಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಒಳಗೆ ಬಂದು, ಎದೆಗವಚಿಕೊಂಡಿದ್ದ ಚಪ್ಪಟೆ ರಟ್ಟಿನ ಡಬ್ಬವನ್ನು ಮೇಜಿನ ಮೇಲಿಟ್ಟರು.

“ಕಳ್ಳತನ ಆಗಿದೆ. ನನ್ನ ತೋಡಿ ಹೋಯ್ತು.”

“ಯಾವ ಮಾಡೆಲ್ ಸಾರ್?”

“ರಾಗ ಕಣಯ್ಯಾ! ತೋಡಿ ರಾಗ.”

ಇನ್‌ಸ್ಪೆಕ್ಟರ್ ಶಶಿಕಾಂತ್ ಅವರನ್ನು ಒಳಗೆ ಕರೆದು ಕೂರಿಸಿದರು. ಹಿರಿಯರ ಹೆಸರು ಅನಂತಪದ್ಮನಾಭ. ಜಯನಗರ ನಾಲ್ಕನೇ ಬ್ಲಾಕಿನವರು, ನಿವೃತ್ತ ಎಂಜಿನಿಯರು. ಐವತ್ತು ವರ್ಷದಿಂದ ಸಂಗೀತ ಕಚೇರಿಗಳನ್ನು ಸ್ಪೂಲ್ ಟೇಪಿನಲ್ಲಿ ತಾವೇ ಹಿಡಿದು ಕೂಡಿಟ್ಟವರು. ಬರುವ ತಿಂಗಳು ಅವರ ಸಂಗ್ರಹ ಒಂದು ಸಂಗೀತ ಸಭೆಯ ಭಂಡಾರಕ್ಕೆ ಹೋಗುವುದಿತ್ತು. ಯಾವುದು ಕೊಡಲು ಯೋಗ್ಯ, ಯಾವುದು ಅಲ್ಲ ಎಂದು ಆರಿಸಲು ಭಾನುವಾರ ಭಾನುವಾರ ಏಳೆಂಟು ರಸಿಕರು ಅವರ ಮನೆಯಲ್ಲಿ ಕೂತು ಕೇಳುತ್ತಿದ್ದರು.

“ಕಳುವಾದದ್ದು ಯಾವುದು?”

“ಎಪ್ಪತ್ನಾಲ್ಕರ ರಾಮನವಮಿ ಪೆಂಡಾಲಿಂದು. ಅಂಥಾ ತೋಡಿ ಇನ್ನೊಂದಿಲ್ಲ. ಆದ್ರೆ ಮಧ್ಯೆ ಕರೆಂಟ್ ಹೋಯ್ತು. ನನ್ನ ಮಿಷಿನ್ನು ಬ್ಯಾಟರೀದು, ಅದು ಓಡ್ತಾನೇ ಇತ್ತು. ಆ ಕತ್ತಲೇಲಿ ಜನರ ಗಲಾಟೆ, ಯಾವುದೋ ಮಗು ಅಳೋದು, ಎಲ್ಲಾ ಸೇರ್ಕೊಂಡುಬಿಡ್ತು. ಒಡಕು ಇರೋದನ್ನ ಸಭೆಯವರು ತಗೊಳ್ಳಲ್ಲ. ಅಷ್ಟು ಭಾಗ ಬ್ಲೇಡಿನಲ್ಲಿ ಕತ್ತರಿಸಿ ತೆಗೆದು, ಎರಡು ತುದಿ ಅಂಟಿಸಬೇಕು ಅಂತಿದ್ದೆ. ಇವತ್ತು ಬ್ಲೇಡು ಹಿಡ್ಕೊಂಡು ಡಬ್ಬ ತೆಗೀತೀನಿ, ಒಳಗೆ ಬೇರೆ ಸ್ಪೂಲು. ಖಾಲಿ.”

“ಬೆಲೆ ಎಷ್ಟು ಅಂತ ಬರೀಲಿ?” ಬೋರಣ್ಣ ಪೆನ್ನು ಎತ್ತಿದ.

“ಬೆಲೆ ಕಟ್ಟೋಕಾಗಲ್ಲ.”

“ಹಾಗಂತ ಕಾಲಂ ಇಲ್ಲ ಸಾರ್.”

ವಾಸದ ಮನೆಯೊಳಗಿನ ಕಳ್ಳತನವೆಂದು ಎಫ್‌ಐಆರ್ ದಾಖಲಾಯಿತು. ಅನುಮಾನ ಯಾರ ಮೇಲೆ ಎಂದದ್ದಕ್ಕೆ ಅನಂತಪದ್ಮನಾಭರು ತಡವರಿಸದೆ ಮನೆಗೆಲಸದ ಸೀತಮ್ಮನ ಹೆಸರು ಹೇಳಿದರು.

ಮಧ್ಯಾಹ್ನ ಎರಡಕ್ಕೆ ಸ್ಥಳ ಪಂಚನಾಮೆ. ಟೇಪುಗಳ ಕೋಣೆ ತಣ್ಣಗಿತ್ತು. ಗೋಡೆಯುದ್ದಕ್ಕೂ ಡಬ್ಬಗಳು, ಕಿಟಕಿಗೆ ದಪ್ಪ ಪರದೆ. ಒಳಗೆ ಕಾಲಿಟ್ಟರೆ ಕೆರೆಯಲ್ಲಿ ಮುಳುಗಿದ ಹಾಗೆ, ಹೊರಗಿನ ಬಸ್ಸಿನ ಸದ್ದು ಎಲ್ಲೋ ದೂರದ ಊರಿನದೆನ್ನಿಸುತ್ತಿತ್ತು. ಬಾಗಿಲ ಬಳಿ ಒಂದು ಬೆತ್ತದ ಬುಟ್ಟಿ.

“ಮೊಬೈಲುಗಳನ್ನ ಇದರಲ್ಲಿ ಹಾಕಿ. ಒಳಗೆ ತರೋ ಹಾಗಿಲ್ಲ. ಕದ್ದು ರೆಕಾರ್ಡ್ ಮಾಡ್ಕೋತಾರೆ.”

ಕಾನ್‌ಸ್ಟೆಬಲ್ ಶ್ವೇತ ಮೊಬೈಲು ಕೆಳಗಿಳಿಸಲಿಲ್ಲ. “ಪಂಚನಾಮೆ ವಿಡಿಯೋ ಮಾಡ್ಲೇಬೇಕು ಸಾರ್. ಈಗ ಕಾನೂನು ಹಾಗಿದೆ. ದನಿ ಸಮೇತ.”

ಬೀಗ ಒಡೆದಿರಲಿಲ್ಲ. ಬೆಲೆಬಾಳುವ ಟೇಪುಗಳು, ಅವುಗಳ ಪಕ್ಕದ ಬೆಳ್ಳಿ ದೀಪ ಎಲ್ಲಾ ಇದ್ದಲ್ಲೇ ಇದ್ದವು.

ಸೀತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಶಶಿಕಾಂತ್ ಕೇಳಿದರು.

“ಹೋದ ಭಾನುವಾರ ನೀವೆಲ್ಲಿದ್ರಿ?”

“ಅಡಿಗೆಮನೇಲಿ ಸಾರ್. ಅರ್ಧ ಹಾಡು ಆದ್ಮೇಲೆ ಎಲ್ರೂ ಹಾಲಿಗೆ ಬಂದು ಉಪ್ಪಿಟ್ಟು ಕಾಫಿ ತಗೋತಾರೆ. ಈ ರೂಮಿಗೆ ಒಂದು ಲೋಟ ತರಂಗಿಲ್ಲ. ಯಜಮಾನ್ರು ನನ್ ಮೇಲೆ ಹೇಳವ್ರಾ? ನಾನು ಡಬ್ಬ ಒರೆಸ್ತೀನಿ, ಒಳಗೆ ಏನದೆ ಅಂತ ಇವತ್ತಿಗೂ ನೋಡಿಲ್ಲ. ಕದಿಯೋದಿದ್ರೆ ಆ ದೀಪ ಕದೀತಿದ್ನಪ್ಪ.”

“ಆವತ್ತು ಹಾಲಿಗೆ ಬರದೆ ಉಳಿದೋರು ಯಾರಾದ್ರೂ?”

ಸೀತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, “ಎಲ್ರೂ ಮನೆಗೋದ್ಮೇಲೆ ಎಣಿಸ್ಕೊಂಡೆ ಸಾರ್, ಒಂದು ಪ್ಲೇಟ್ ಉಪ್ಪಿಟ್ಟು ಹಂಗೇ ಉಳ್ದಿತ್ತು. ಯಾರ್ದೋ ಗೊತ್ತಿಲ್ಲ” ಎಂದಳು. ಅವಳಿಗೆ ಗೊತ್ತಿತ್ತು ಎಂದು ಶಶಿಕಾಂತರಿಗೆ ಅನ್ನಿಸಿತು. ಆದರೆ ಒತ್ತಲಿಲ್ಲ. ಒಬ್ಬರಿಂದ ಬೆರಳು ತೋರಿಸಿಕೊಂಡವಳಿಗೆ ಇನ್ನೊಬ್ಬರ ಮೇಲೆ ತೋರಿಸುವುದು ಬೇಡವಾಗಿರುತ್ತದೆ.

ಉಳಿದದ್ದು ಖಾಲಿ ಸ್ಪೂಲು. “ಇಂಥದ್ದು ಈಗ ಎಲ್ಲಿ ಸಿಗತ್ತೆ?” ಎಂದರೆ ಅನಂತಪದ್ಮನಾಭರು, “ಈ ಕಡೆ ಒಬ್ಬನ ಹತ್ರಾನೇ. ವಿಲ್ಸನ್ ಗಾರ್ಡನ್ ಕೊಟ್ರಪ್ಪ” ಎಂದರು.

ಗುರುವಾರ ಬೆಳಿಗ್ಗೆ ಶಶಿಕಾಂತ್ ಮತ್ತು ಬೋರಣ್ಣ ವಿಲ್ಸನ್ ಗಾರ್ಡನ್ನಿಗೆ ಹೋದರು. ಹಳೆ ರೇಡಿಯೋಗಳ ರಾಶಿಯ ನಡುವೆ ಕೊಟ್ರಪ್ಪ ಒಂದು ಸ್ಪೂಲ್ ಮಿಷಿನ್ನಿಗೆ ರಬ್ಬರ್ ಬೆಲ್ಟು ಏರಿಸುತ್ತಿದ್ದ.

“ಖಾಲಿ ಸ್ಪೂಲು ಯಾರಿಗೆ ಮಾರಿದೆ?”

“ಮೇಷ್ಟ್ರು ಮೇಡಂಗೆ ಸಾರ್, ಪದ್ಮನಾಭನಗರದಲ್ಲಿ ಮ್ಯಾತ್ಸ್ ಟ್ಯೂಷನ್ ಹೇಳ್ತಾರಲ್ಲ, ಮೈತ್ರೇಯಿ ಮೇಡಂ. ಈ ಮಿಷಿನ್ನೂ ಅವರ್ದೇ. ಗುಜರೀಲಿ ತಗೊಂಡವ್ರೆ, ಬೆಲ್ಟೇ ಇಲ್ಲ. ದಿನಾ ಫೋನು, ‘ಕೊಟ್ರಪ್ಪಾ ಆಯ್ತಾ, ಆಯ್ತಾ’ ಅಂತ. ಮದುವೆ ಹೆಣ್ಣಿನ ಮನೆಯೋರೂ ಇಷ್ಟು ಅವಸರ ಮಾಡಲ್ಲ. ಇವತ್ತು ತಲುಪಿಸ್ಬೇಕು.”

“ಅಂದ್ರೆ ಇದುವರೆಗೂ ಅವರು ಯಾವ ಟೇಪೂ ಹಾಕಿ ಕೇಳಿಲ್ಲ?”

“ಹೆಂಗೆ ಕೇಳ್ತಾರೆ ಸಾರ್, ಮಿಷಿನ್ನು ನನ್ ಹತ್ರ ಐತಲ್ಲ.”

ಠಾಣೆಗೆ ಬಂದು ಶಶಿಕಾಂತ್ ಅನಂತಪದ್ಮನಾಭರಿಗೆ ಫೋನು ಮಾಡಿದರು. ಭಾನುವಾರದ ಗುಂಪಿನಲ್ಲಿ ಮೈತ್ರೇಯಿ ಎನ್ನುವವರು ಇದ್ದಾರೆಯೇ?

“ಇದ್ದಾರೆ. ಬಾಯಿ ಬಿಡದ ಹೆಂಗಸು. ಹಾಂ, ಒಂದು ಸಲ ಬಿಟ್ರು. ಎರಡು ವಾರದ ಹಿಂದೆ ಆ ಟೇಪು ಹಾಕಿ, ಕತ್ತಲೆ ಭಾಗ ಒಂಚೂರು ಕೇಳ್ಸಿ ಎಲ್ಲಾ ನಕ್ಕಿದ್ವಿ. ಆಮೇಲೆ ಇವರು ಬಂದು, ‘ಕತ್ತರಿಸಿದ ತುಂಡು ನಂಗೆ ಕೊಡ್ತೀರಾ’ ಅಂದ್ರು. ಕಸ ಹೊರಗೆ ಕೊಡೋ ಪದ್ಧತಿ ನನ್ನದಲ್ಲ ಅಂದೆ. ಯಾಕೆ?”

“ನೀವೂ ಬನ್ನಿ ಸಾರ್. ವಸ್ತು ಗುರುತಿಸಬೇಕು.”

ಮಧ್ಯಾಹ್ನ ಎರಡೂಕಾಲು. ಪದ್ಮನಾಭನಗರದ ಆ ರಸ್ತೆ ಊಟ ಮುಗಿಸಿ ಮಲಗಿತ್ತು. ಕೊಟ್ರಪ್ಪ ಮಿಷಿನ್ನು ಹೊತ್ತು ಬಾಗಿಲು ತಟ್ಟಿದಾಗ ಮೈತ್ರೇಯಿ ಓಡಿ ಬಂದು ತೆಗೆದರು. ಐವತ್ತು ದಾಟಿದ ತೆಳ್ಳನೆಯ ಹೆಂಗಸು, ಬೆರಳಿಗೆ ಸೀಮೆಸುಣ್ಣದ ಪುಡಿ. ಹಿಂದೆ ಖಾಕಿ ಕಂಡದ್ದೇ, ಮುಖದ ನಗು ನಿಧಾನಕ್ಕೆ, ಒಲೆ ಆರಿಸಿದ ಮೇಲೆ ಹಾಲು ಇಳಿಯುವ ಹಾಗೆ ಇಳಿಯಿತು.

“ಟೇಪು ಎಲ್ಲಿದೆ ಮೇಡಂ?”

ಅವರು ಬೀರು ತೆಗೆದರು. ರೇಷ್ಮೆ ಸೀರೆಗಳ ನಡುವೆ, ಹಳೆಯ ಮಲ್ಲಿನ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಪಕ್ಕದ ಮನೆಯ ಇಬ್ಬರು ಪಂಚರಾಗಿ ಬಂದರು. ಶ್ವೇತ ಮೊಬೈಲು ಎತ್ತಿ ಹಿಡಿದಳು.

“ಯಾಕೆ ತಗೊಂಡ್ರಿ?”

“ನಮ್ಮಮ್ಮ ಅದರಲ್ಲಿದಾರೆ.”

“ಹಾಡಿರೋದು ಗಂಡಸಲ್ವಾ?”

“ಹಿಂದೆ ತಂಬೂರಿ ಮೀಟಿದ್ದು ನಮ್ಮಮ್ಮ, ಗಿರಿಜಾದೇವಿ. ಅಳ್ತಿರೋ ಮಗು ನಾನು. ನಂಗೆ ಎರಡು ವರ್ಷ ಆದಾಗ ಅವರು ಹೋಗ್ಬಿಟ್ರು. ಒಂದು ಫೋಟೋ ಇದೆ ಸಾರ್. ದನಿ ಎಲ್ಲೂ ಇಲ್ಲ. ಪೆಂಡಾಲಿನಲ್ಲಿ ಕರೆಂಟ್ ಹೋದಾಗ ತಂಬೂರಿ ನಿಲ್ಲಿಸದೆ ನನ್ನ ಮಲಗಿಸಿದ್ರು ಅಂತ ಅಪ್ಪ ಯಾವಾಗ್ಲೂ ಹೇಳೋರು. ನಾನು ಅದನ್ನ ಕತೆ ಅಂದ್ಕೊಂಡಿದ್ದೆ. ಆ ಭಾನುವಾರ, ಕತ್ತಲೇಲಿ ಒಂದು ದನಿ ‘ಗುಬ್ಬೀ’ ಅಂತು. ಮನೇಲಿ ನನ್ನ ಹಾಗೇ ಕರೀತಿದ್ದದ್ದು. ಅಷ್ಟಕ್ಕೇ ಮಿಷಿನ್ನು ನಿಲ್ಲಿಸಿಬಿಟ್ರು.”

ಅನಂತಪದ್ಮನಾಭರು ಬಾಗಿಲಲ್ಲೇ ನಿಂತಿದ್ದರು. “ಒಂದು ಮಾತು ಹೇಳಿದ್ರೆ ನಾನು ಕೊಡ್ತಿರಲಿಲ್ವೇ ಅಮ್ಮಾ?”

“ನೀವು ‘ಮಗೂನ ಮನೇಲಿ ಬಿಟ್ಟು ಬರಬಾರದಿತ್ತಾ ಆ ತಂಬೂರಿಯೋಳು’ ಅಂದ್ರಿ. ಎಲ್ಲರೂ ನಕ್ರು. ಅಭ್ಯಾಸಕ್ಕೆ ನಾನೂ ನಕ್ಕುಬಿಟ್ಟೆ ಸಾರ್. ನಕ್ಕಾದ ಮೇಲೆ, ಅವರು ನಮ್ಮಮ್ಮ ಅಂತ ಹೇಗೆ ಹೇಳ್ಲಿ?”

ಬೋರಣ್ಣ ಅರಗು, ದಾರ, ಬಟ್ಟೆಯ ಚೀಲ ತೆಗೆದು ಸಿದ್ಧಮಾಡಿಕೊಂಡ. “ಸೀಲ್ ಮಾಡೋಣ್ವಾ ಸಾರ್?”

ಮೈತ್ರೇಯಿಯ ಕಣ್ಣು ಆ ಅರಗಿನ ಕಡ್ಡಿಯ ಮೇಲೆಯೇ ಇತ್ತು. ಒಮ್ಮೆ ಮೊಹರು ಬಿದ್ದರೆ ಟೇಪು ಕೋರ್ಟಿಗೆ, ಅಲ್ಲಿಂದ ತಿರುಗಿ ಮಾಲೀಕರ ಕೈಗೆ, ಬ್ಲೇಡಿನ ಕೆಳಗೆ. ಆ ‘ಗುಬ್ಬೀ’ ಆದಮೇಲೆ ಏನು ಎಂಬುದು ಅವರಿಗೆ ಈ ಜನ್ಮದಲ್ಲಿ ತಿಳಿಯುವ ಹಾಗಿರಲಿಲ್ಲ.

ಶಶಿಕಾಂತ್ ಗಡಿಯಾರ ನೋಡಿದರು. “ಕಳುವಾದದ್ದು ಇದೇ ಅಂತ ನೋಡಿದ್ರೆ ಗೊತ್ತಾಗಲ್ಲ ಬೋರಣ್ಣ. ಟೇಪೆಲ್ಲಾ ಒಂದೇ ಥರ ಇರತ್ತೆ. ಹಾಕಿ ಕೇಳಿ ಗುರುತಿಸಬೇಕು. ಕೊಟ್ರಪ್ಪ, ಹಚ್ಚು. ಶ್ವೇತ, ವಿಡಿಯೋ ನಿಲ್ಲಿಸಬೇಡ.”

ಎರಡು ಐವತ್ತಕ್ಕೆ ಸ್ಪೂಲು ತಿರುಗಿತು. ಮೊದಲು ಮಳೆ ಹನಿಯಂಥ ಸರಸರ, ಆಮೇಲೆ ತೋಡಿ. ದೊಡ್ಡ ಗಂಟಲು, ಗುಡ್ಡದ ಮೇಲಿನ ಮೋಡದ ಹಾಗೆ ಅವಸರವಿಲ್ಲದೆ ಸರಿಯುತ್ತಿತ್ತು. ಅನಂತಪದ್ಮನಾಭರು, “ಇದೇ. ಗುರುತಿಸಿದೆ. ಸಾಕು” ಎಂದರು. ಶಶಿಕಾಂತ್ ಕೈ ಎತ್ತಿ ತಡೆದರು. ಸಾಕು ಎಂದು ಹೇಳುವುದು ತನಿಖಾಧಿಕಾರಿಯ ಕೆಲಸ.

ಹಾಡು ತಟ್ಟನೆ ನಿಂತಿತು. ಕತ್ತಲೆ ಬಂತು, ಹೌದು, ಆ ಹಗಲಿನಲ್ಲಿ ಕೂತವರಿಗೂ ಕತ್ತಲೆ ಕಂಡಿತು. ಜನರ ಗುಜುಗುಜು, ಯಾರೋ ಪೆಟ್ರೋಮ್ಯಾಕ್ಸ್ ತನ್ನಿರೋ ಎಂದು ಕೂಗಿದ್ದು, ಒಂದು ಮಗುವಿನ ಹೆದರಿದ ಅಳು. ಅದೆಲ್ಲದರ ಅಡಿಯಲ್ಲಿ ತಂಬೂರಿ ಮಾತ್ರ, ನೆಲದೊಳಗಿನ ನೀರಿನಂತೆ, ನಿಂತಿರಲಿಲ್ಲ.

“ಗುಬ್ಬೀ, ಕತ್ತಲೆ ಅಷ್ಟೇ ಕಣೆ. ಶ್ರುತಿ ಇದೆಯಲ್ಲ, ಕೇಳು.”

ಆಮೇಲೆ ಆ ದನಿ ತನ್ನ ಗಂಟಲಿಗೆ ತಗ್ಗಾದ, ಗಂಡಸಿನ ಆ ಶ್ರುತಿಯಲ್ಲಿಯೇ, ಮಾತಿಲ್ಲದ ಜೋಗುಳವನ್ನು ಗುನುಗತೊಡಗಿತು. ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ಪೆಂಡಾಲಿನ ಗುಜುಗುಜುವೂ ಒಂದೊಂದಾಗಿ ಅಡಗಿತು, ಇಡೀ ಊರೇ ಆ ತೊಡೆಯ ಮೇಲೆ ಮಲಗಿದ ಹಾಗೆ. ಆಗ, ಮೈಕಿಲ್ಲದೆ, ವಿದ್ವಾಂಸರು ಆ ಗುನುಗಿನ ಷಡ್ಜವನ್ನೇ ಹಿಡಿದು ತೋಡಿಯನ್ನು ಮೇಲೆತ್ತಿದರು.

ಮೈತ್ರೇಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಅವರ ಬೆರಳು ಸೆರಗಿನ ಮೇಲೆ ಇಲ್ಲದ ತಂತಿಗಳನ್ನು ಮೀಟುತ್ತಿತ್ತು.

“ಐವತ್ತು ವರ್ಷ ಇದನ್ನ ಮುಂದಕ್ಕೆ ಓಡಿಸ್ಕೊಂಡೇ ಕೇಳಿದೆ” ಎಂದರು ಅನಂತಪದ್ಮನಾಭರು, ಯಾರಿಗೂ ಅಲ್ಲದಂತೆ. “ರಾಗ ಒಡೆದೇ ಇರಲಿಲ್ಲ. ಆ ಹೆಣ್ಣುಮಗಳು ಹಿಡ್ಕೊಂಡಿದ್ಲು.” ಆಮೇಲೆ ಶಶಿಕಾಂತರ ಕಡೆ ತಿರುಗಿ, “ನಾನು ದೂರು ವಾಪಸ್ ತಗೋತೀನಿ ಇನ್‌ಸ್ಪೆಕ್ಟರೇ.”

“ಎಫ್‌ಐಆರ್ ಆಗಿದೆ ಸಾರ್. ಅದು ಸ್ಪೂಲಲ್ಲ, ಹಿಂದಕ್ಕೆ ಸುತ್ತೋಕೆ. ಏನಿದ್ರೂ ಕೋರ್ಟಿನಲ್ಲಿ ಹೇಳಿ.”

ಟೇಪು ಮುಗಿದ ಮೇಲೆ ಮೊಹರು ಬಿತ್ತು. ಮೂರು ನಲವತ್ತಕ್ಕೆ ಶ್ವೇತ ಬಂಧನದ ಪತ್ರಕ್ಕೆ ಸಹಿ ತೆಗೆದುಕೊಂಡಳು. ಮೈತ್ರೇಯಿ ಹೊರಡುವ ಮೊದಲು ಹಜಾರದ ಕಪ್ಪು ಹಲಗೆಯ ಮೇಲೆ ‘ಇಂದು ತರಗತಿ ಇಲ್ಲ’ ಎಂದು ಬರೆದು, ಚಪ್ಪಲಿ ಮೆಟ್ಟಿಕೊಂಡರು. ಅನಂತಪದ್ಮನಾಭರು ಜೀಪಿನವರೆಗೂ ಬಂದು, ಬಾಗಿಲು ಹಿಡಿದು ನಿಂತರು.

ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯುವ ಮೊದಲು ಶಶಿಕಾಂತ್ ಕೇಸ್ ಡೈರಿ ಬರೆದರು. ಕೃತ್ಯದ ಉದ್ದೇಶ ಎಂಬಲ್ಲಿ ಲಾಭ ಎಂದೂ ದ್ವೇಷ ಎಂದೂ ಬರೆಯಲು ಬರಲಿಲ್ಲ. ತುಸು ಯೋಚಿಸಿ, ‘ತಾಯಿಯ ದನಿಯನ್ನು ಕತ್ತರಿಸಿ ಬಿಸಾಡುವರೆಂಬ ಭಯ’ ಎಂದು ಬರೆದರು.

ಬೆಂಚಿನ ಮೇಲಿದ್ದ ಮೈತ್ರೇಯಿ ತಲೆ ಎತ್ತಿದರು. “ಸಾರ್, ಆ ಹುಡುಗಿ ಮಾಡಿದ್ರಲ್ಲ, ಆ ವಿಡಿಯೋ ಏನಾಗತ್ತೆ?”

“ಕೋರ್ಟಿಗೆ ಹೋಗತ್ತೆ. ಚಾರ್ಜ್‌ಶೀಟ್ ಹಾಕಿದಾಗ ಅದರದೊಂದು ಪ್ರತಿ ಆರೋಪಿಗೂ ಕೊಡಬೇಕು.”

“ಆರೋಪಿ ಅಂದ್ರೆ... ನಂಗಾ?”

“ನಿಮಗೇ.”

“ಪೂರ್ತಿನಾ ಸಾರ್?”

ಶಶಿಕಾಂತ್ ಡೈರಿ ಮುಚ್ಚಿದರು. ಮೇಲೆ ಫ್ಯಾನು ತನ್ನ ಪಾಡಿಗೆ ಶ್ರುತಿ ಹಿಡಿದಿತ್ತು.

“ಪೂರ್ತಿ. ಅದನ್ನ ಯಾರೂ ಕತ್ತರಿಸೋ ಹಾಗಿಲ್ಲ ಮೇಡಂ.”